ಮರಿ ಬಿಟ್ಟರೆ ಸಾಲದು, ನದಿಯನ್ನೂ ಬಿಟ್ಟುಕೊಡಬೇಕು

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ ಎಲ್ವಾ ಎಂಬ ನದಿಯಿದೆ. ಒಲಿಂಪಿಕ್ ಪರ್ವತಗಳ ಹಿಮದಲ್ಲಿ ಹುಟ್ಟಿ, ಸುಮಾರು 72 ಕಿಲೋಮೀಟರ್ ಹರಿದು ಕಡಲು ಸೇರುವ ಪುಟ್ಟ ನದಿ. ಆದರೂ ಚಿನೂಕ್, ಕೋಹೊ, ಸಾಕೈ, ಪಿಂಕ್, ಚಮ್ ಎಂಬ ಪೆಸಿಫಿಕ್ ಸಾಲ್ಮನ್‌ನ ಐದೂ ಜಾತಿಗಳು, ಜೊತೆಗೆ ಅವುಗಳ ಹತ್ತಿರದ ಬಳಗದ ಸ್ಟೀಲ್‌ಹೆಡ್ ಕೂಡ ಇಲ್ಲಿಗೆ ಮೊಟ್ಟೆಯಿಡಲು ಬರುತ್ತಿದ್ದವು. ವರ್ಷಕ್ಕೆ ಸುಮಾರು 4 ಲಕ್ಷ ಮೀನುಗಳು ಬರುತ್ತಿದ್ದವೆಂಬ ಅಂದಾಜಿದೆ. 1913ರಲ್ಲಿ ಅಳಿವೆಯಿಂದ ಬರೀ 8 ಕಿಲೋಮೀಟರ್ ಮೇಲೆ ಎಲ್ವಾ ಅಣೆಕಟ್ಟು ಎದ್ದಿತು. 1927ರಲ್ಲಿ ಇನ್ನೂ ಮೇಲೆ, 64 ಮೀಟರ್ ಎತ್ತರದ ಗ್ಲೈನ್ಸ್ ಕ್ಯಾನ್ಯನ್ ಅಣೆಕಟ್ಟು ಬಂತು. ಎರಡರಲ್ಲೂ ಮೀನು ಹತ್ತಿ ಹೋಗಲು ದಾರಿ ಇರಲಿಲ್ಲ. ಲಕ್ಷಗಳಲ್ಲಿದ್ದ ಮೀನು ಕೆಲವೇ ಸಾವಿರಕ್ಕಿಳಿಯಿತು.

2011ರಿಂದ 2014ರ ನಡುವೆ ಈ ಎರಡೂ ಅಣೆಕಟ್ಟುಗಳನ್ನು ಕಳಚಿ ತೆಗೆದರು. ಅಂದಿನಿಂದ ಎಲ್ವಾ ನದಿಯತ್ತ ಜಗತ್ತಿನ ಮೀನು ವಿಜ್ಞಾನಿಗಳು ಕಣ್ಣು ನೆಟ್ಟು ಕುಳಿತಿದ್ದಾರೆ. ಕಳೆದುಹೋದ ಕಾಡುಮೀನಿನ ಸಂತತಿಯನ್ನು ಒಂದು ನದಿಗೆ ಮತ್ತೆ ತರುವುದು ಸಾಧ್ಯವೇ, ಅದು ಮನುಷ್ಯನ ಕೈಹಿಡಿತವಿಲ್ಲದೆ ಪೀಳಿಗೆಯಿಂದ ಪೀಳಿಗೆಗೆ ಬಾಳೀತೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತಿದೆ. ಆದರೆ ಈ ಕೆಲಸದ ಸುತ್ತ ಬೆಳೆದಿರುವ ತಪ್ಪು ತಿಳಿವಳಿಕೆಗಳು ಬಹಳ. ಮೀನಿನ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಇವು ಕೊನೆಗೆ ಮೀನಿಗೇ ಕೇಡು ಮಾಡುತ್ತವೆ. ಆದ್ದರಿಂದ ಒಂದೊಂದನ್ನೂ ಬಿಡಿಸಿ ನೋಡಬೇಕು.

1. ತಪ್ಪು ಕಲ್ಪನೆ: ಸಾಲ್ಮನ್ ಎಲ್ಲ ಕಡೆಯೂ ಒಂದೇ, ಯಾವ ನದಿಯ ಮರಿ ತಂದು ಬಿಟ್ಟರೂ ನಡೆಯುತ್ತದೆ.

ವಾಸ್ತವ: ಸಾಲ್ಮನ್ ಸಿಹಿನೀರಿನಲ್ಲಿ ಹುಟ್ಟಿ, ಕಡಲಿಗಿಳಿದು ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಹಿಂತಿರುಗುತ್ತದೆ. ಮರಿಯಾಗಿದ್ದಾಗ ನೆನಪಿನಲ್ಲಿ ಉಳಿದ ಹೊಳೆನೀರಿನ ವಾಸನೆಯೇ ಕೊನೆಯ ಹಾದಿಗೆ ಗುರುತು ಎಂಬುದನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ ಮತ್ತು ಅವರ ಶಿಷ್ಯರು ಪ್ರಯೋಗಗಳಿಂದ ತೋರಿಸಿಕೊಟ್ಟರು. ಹೀಗೆ ತವರಿಗೇ ಮರಳುವ ಗುಣದಿಂದಾಗಿ ಒಂದೊಂದು ನದಿಯ ಮೀನೂ ನೂರಾರು ಪೀಳಿಗೆ ತನ್ನಷ್ಟಕ್ಕೆ ಬೆಳೆದು, ಆ ನದಿಯ ತಂಪು, ಸೆಳೆತ, ದೂರ, ಪ್ರವಾಹದ ಕಾಲಕ್ಕೆ ಒಗ್ಗಿಕೊಂಡಿದೆ.

ಕೆನಡಾದ ಫ್ರೇಸರ್ ನದಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅದೇ ನದಿಯನ್ನು ಏರುವ ಸಾಕೈಗಳಲ್ಲಿ ಚಿಲ್ಕೊ ಸರೋವರದ ಸಂತತಿ 600 ಕಿಲೋಮೀಟರ್‌ಗೂ ಹೆಚ್ಚು ಈಜಿ, ಸಾವಿರ ಮೀಟರ್‌ಗೂ ಮೀರಿದ ಎತ್ತರಕ್ಕೆ ಹೋಗಬೇಕು. ವೀವರ್ ತೊರೆಯ ಸಂತತಿಗೆ ಅದರ ಸಣ್ಣದೊಂದು ಪಾಲು ದೂರವೇ ಸಾಕು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ದೂರ ಏರುವ ಮೀನುಗಳ ಹೃದಯ ದೊಡ್ಡದು, ಅದಕ್ಕೆ ರಕ್ತ ಪೂರೈಕೆಯೂ ಹೆಚ್ಚು, ಬಿಸಿ ನೀರನ್ನು ತಾಳುವ ಶಕ್ತಿಯೂ ಬೇರೆ ಎಂದು ಕಂಡುಕೊಂಡಿತು. ಜಾತಿ ಒಂದೇ, ನದಿಯೂ ಒಂದೇ, ಆದರೆ ಮೈಕಟ್ಟು ಬೇರೆ. ಅಘನಾಶಿನಿಯ ಗಜನಿ ಗದ್ದೆಯ ಉಪ್ಪುನೀರಿನಲ್ಲಿ ತಲೆಯೆತ್ತಿ ನಿಲ್ಲುವ ಕಗ್ಗ ಭತ್ತದ ಜಾಗದಲ್ಲಿ ಬೇರೆ ಕಡೆಯ ಭತ್ತ ಬಿತ್ತಿದರೆ ಏನಾಗುವುದೋ, ಪರನದಿಯ ಮರಿಯ ಪಾಡೂ ಅದೇ.

ಲಂಡನ್ನಿನ ಥೇಮ್ಸ್ ನದಿ ಇದನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲೇ ಸಾಲ್ಮನ್ ಕಳೆದುಕೊಂಡಿದ್ದ ಆ ನದಿಗೆ 1979ರಿಂದ ಹೊರಗಿನ ಮರಿಗಳನ್ನು ವರ್ಷವರ್ಷವೂ ಬಿಟ್ಟರು. 1993ರಲ್ಲಿ 338 ಮೀನು ಮರಳಿದಾಗ ಸಂಭ್ರಮವೋ ಸಂಭ್ರಮ. ಆಮೇಲೆ ಸಂಖ್ಯೆ ಕುಸಿಯಿತು. 2011ರಲ್ಲಿ ಹೊರಬಂದ ತಳಿಪರೀಕ್ಷೆಯಲ್ಲಿ, ಥೇಮ್ಸ್‌ನಲ್ಲಿ ಇತ್ತೀಚೆಗೆ ಸಿಕ್ಕ ಮೀನುಗಳು ಬಿಟ್ಟ ಮರಿಗಳ ವಂಶದವಲ್ಲ, ದಕ್ಷಿಣ ಇಂಗ್ಲೆಂಡಿನ ಬೇರೆ ನದಿಗಳಿಂದ ತಾವಾಗಿಯೇ ದಾರಿ ತಪ್ಪಿ ಬಂದವು ಎಂದು ಗೊತ್ತಾಯಿತು. ಮೂರು ದಶಕಗಳ ಬಿತ್ತನೆ ಬೇರು ಬಿಡಲಿಲ್ಲ.

2. ತಪ್ಪು ಕಲ್ಪನೆ: ಮರಿ ಉತ್ಪಾದನಾ ಕೇಂದ್ರವೊಂದಿದ್ದರೆ ನದಿಯ ಕೊರತೆ ತುಂಬುತ್ತದೆ.

ವಾಸ್ತವ: ಎಲ್ವಾ ನದಿಯ ಕಥೆ ಆರಂಭವಾದದ್ದೇ ಈ ನಂಬಿಕೆಯಿಂದ. ರಾಜ್ಯದ ಕಾನೂನಿನ ಪ್ರಕಾರ ಅಣೆಕಟ್ಟಿನಲ್ಲಿ ಮೀನಿಗೆ ದಾರಿ ಬಿಡಬೇಕಿತ್ತು. ಅದರ ಬದಲು ಕೆಳಗೊಂದು ಮರಿ ಕೇಂದ್ರ ಕಟ್ಟಿದರೆ ಸಾಕೆಂದು ಒಪ್ಪಂದವಾಯಿತು. ಆ ಕೇಂದ್ರ 1922ರಲ್ಲಿ ಮುಚ್ಚಿತು. ಅಣೆಕಟ್ಟು ಮಾತ್ರ ಇನ್ನೂ 90 ವರ್ಷ ನಿಂತಿತು.

ಕೇಂದ್ರ ಚೆನ್ನಾಗಿ ನಡೆದರೂ ತೊಡಕು ತಪ್ಪುವುದಿಲ್ಲ. ಹೊಳೆಯಲ್ಲಿ ಒಂದು ಹೆಣ್ಣು ಮೀನು ಸಾವಿರಾರು ಮೊಟ್ಟೆಯಿಟ್ಟರೂ ಬೆಳೆದು ಮರಳುವುದು ಬೆರಳೆಣಿಕೆಯಷ್ಟು. ಪ್ರವಾಹ, ಬರ, ಬೇಟೆಗಾರ ಹಕ್ಕಿ, ರೋಗ ಎಲ್ಲವೂ ಸೇರಿ ಆ ನದಿಗೆ ತಕ್ಕವನ್ನು ಉಳಿಸಿ ಮಿಕ್ಕವನ್ನು ಕಳೆಯುತ್ತವೆ. ಕೇಂದ್ರದ ತೊಟ್ಟಿಯಲ್ಲಿ ಬಹುಪಾಲು ಮೊಟ್ಟೆಗಳು ಬದುಕುತ್ತವೆ, ಹೊತ್ತಿಗೆ ಸರಿಯಾಗಿ ಮೇಲಿನಿಂದ ತಿಂಡಿ ಬೀಳುತ್ತದೆ. ಅಲ್ಲಿ ಗೆಲ್ಲುವುದು ಹೊಳೆಗೆ ತಕ್ಕ ಮೀನಲ್ಲ, ತೊಟ್ಟಿಗೆ ತಕ್ಕ ಮೀನು. ಓರೆಗಾನ್ ರಾಜ್ಯದ ಹುಡ್ ನದಿಯ ಸ್ಟೀಲ್‌ಹೆಡ್‌ಗಳ ವಂಶಾವಳಿಯನ್ನು ತಳಿಪರೀಕ್ಷೆಯಿಂದ ಹಿಂಬಾಲಿಸಿದ ಸಂಶೋಧಕರು 2007ರಲ್ಲಿ ತಿಳಿಸಿದಂತೆ, ತೊಟ್ಟಿಯಲ್ಲಿ ಕಳೆದ ಒಂದೊಂದು ಪೀಳಿಗೆಗೂ ಹೊಳೆಯಲ್ಲಿ ಸಂತಾನ ಉಳಿಸುವ ಶಕ್ತಿ ಸುಮಾರು ಶೇಕಡಾ 40ರಷ್ಟು ಕುಗ್ಗುತ್ತದೆ. ಈ ಮೀನುಗಳು ಕಾಡುಮೀನಿನೊಂದಿಗೆ ಕೂಡಿದಾಗ ದೌರ್ಬಲ್ಯವೂ ಹರಡುತ್ತದೆ. ಇಂಥ ಪುರಾವೆಗಳನ್ನು ತೂಗಿ ನೋಡಿದ ವೇಲ್ಸ್ ಕಳೆದ ದಶಕದಲ್ಲಿ ತನ್ನ ನದಿಗಳಿಗೆ ಸಾಲ್ಮನ್ ಮರಿ ಬಿಡುವುದನ್ನೇ ನಿಲ್ಲಿಸಿ, ಹಣ ಮತ್ತು ಶ್ರಮವನ್ನು ನದಿಯ ನೆಲೆ ಸರಿಪಡಿಸುವತ್ತ ತಿರುಗಿಸಿತು.

3. ತಪ್ಪು ಕಲ್ಪನೆ: ಹಾಗಾದರೆ ಮರಿ ಕೇಂದ್ರಗಳೆಲ್ಲ ಕೆಟ್ಟವು, ಇಂದೇ ಮುಚ್ಚಬೇಕು.

ವಾಸ್ತವ: ಸಾವಿನ ಅಂಚಿನಲ್ಲಿರುವ ಸಂತತಿಗೆ ತೊಟ್ಟಿಯೇ ಕೊನೆಯ ಆಸರೆಯಾಗುವುದುಂಟು. ಐಡಹೊ ರಾಜ್ಯದ ರೆಡ್‌ಫಿಶ್ ಸರೋವರಕ್ಕೆ ಕಡಲಿನಿಂದ ಸುಮಾರು 1,450 ಕಿಲೋಮೀಟರ್ ಏರಿ ಬರಬೇಕಾದ ಸಾಕೈಗಳಲ್ಲಿ 1992ರಲ್ಲಿ ತಲುಪಿದ್ದು ಒಂದೇ ಒಂದು ಗಂಡು. 1991ರಿಂದ 1998ರವರೆಗೆ ಮರಳಿದ್ದೆಲ್ಲ ಸೇರಿ 16. ಆ ಹದಿನಾರನ್ನೂ ಅವುಗಳ ಸಂತಾನವನ್ನೂ ಕೇಂದ್ರದಲ್ಲಿ ಕಾಪಾಡಿದ್ದರಿಂದಲೇ ಆ ವಂಶ ಇಂದಿಗೂ ಉಳಿದಿದೆ.

ಎಲ್ವಾದಲ್ಲೂ ಅಣೆಕಟ್ಟು ಒಡೆಯುವಾಗ ನದಿ ಹೂಳಿನಿಂದ ಕದಡಿ, ಮೊಟ್ಟೆಗಳು ಉಸಿರುಕಟ್ಟುವ ಭಯವಿತ್ತು. ಆ ಕೆಟ್ಟ ವರ್ಷಗಳನ್ನು ದಾಟಿಸಲು ಎಲ್ವಾದ್ದೇ ಚಿನೂಕ್, ಕೋಹೊ ಸಂತತಿಗಳನ್ನು ಕೇಂದ್ರಗಳಲ್ಲಿ ಉಳಿಸಿಕೊಂಡರು. ಎಷ್ಟು ಮರಿ ಬಿಡಬೇಕು, ಎಂದು ನಿಲ್ಲಿಸಬೇಕು ಎಂಬುದರ ಮೇಲೆ ಜಗಳ ನ್ಯಾಯಾಲಯದವರೆಗೂ ಹೋಯಿತು. ಅದು ನ್ಯಾಯವಾದ ಜಗಳವೇ. ಆಸರೆಯಾಗಿ ಬಂದ ಕೇಂದ್ರಕ್ಕೆ ಮುಗಿಯುವ ದಿನವೊಂದು ಗೊತ್ತಿರಬೇಕು. ಇಲ್ಲವಾದರೆ ಆಸರೆಯೇ ಅವಲಂಬನೆಯಾಗಿ, ಮೀನು ಎಂದೆಂದಿಗೂ ತೊಟ್ಟಿಯ ಮಗುವಾಗಿಯೇ ಉಳಿಯುತ್ತದೆ.

4. ತಪ್ಪು ಕಲ್ಪನೆ: ಅಣೆಕಟ್ಟಿಗೆ ಮೀನು ಏಣಿ ಕಟ್ಟಿದರೆ ಸಮಸ್ಯೆ ತೀರಿತು.

ವಾಸ್ತವ: ಏಣಿಯಿಂದ ಕೆಲವು ನದಿಗಳಲ್ಲಿ ಉಪಯೋಗವಾಗಿದೆ, ಸುಳ್ಳಲ್ಲ. ಆದರೆ ಏರುವುದು ಅರ್ಧ ಪ್ರಯಾಣ ಮಾತ್ರ. ಮರಿಗಳು ಇಳಿಯಬೇಕು. ಹರಿವಿನ ಸೆಳೆತ ನೆಚ್ಚಿ ಕಡಲಿಗೆ ಹೋಗುವ ಮರಿಗೆ ನಿಂತ ನೀರಿನ ಜಲಾಶಯ ದಿಕ್ಕು ತಪ್ಪಿಸುತ್ತದೆ. ನೀರು ಬಿಸಿಯಾಗುತ್ತದೆ, ಬೇಟೆ ಮೀನುಗಳು ಹೊಂಚು ಹಾಕುತ್ತವೆ, ಕೊನೆಗೆ ಟರ್ಬೈನು ಕಾದಿರುತ್ತದೆ.

ಇದಕ್ಕಿಂತಲೂ ಕಣ್ಣಿಗೆ ಕಾಣದ ನಷ್ಟವೊಂದಿದೆ. ಸಾಲ್ಮನ್ ಮೊಟ್ಟೆಯಿಡುವುದು ಜಲ್ಲಿಕಲ್ಲಿನ ಹಾಸಿನಲ್ಲಿ. ಹೆಣ್ಣು ಬಾಲದಿಂದ ಗುಂಡಿ ತೋಡಿ ಮೊಟ್ಟೆ ಇಟ್ಟು ಮುಚ್ಚುತ್ತದೆ, ಕಲ್ಲುಗಳ ಸಂದಿನಲ್ಲಿ ಹರಿವ ತಣ್ಣೀರು ಮೊಟ್ಟೆಗೆ ಆಮ್ಲಜನಕ ಕೊಡುತ್ತದೆ. ಅಣೆಕಟ್ಟು ಮೇಲಿನ ಜಲ್ಲಿ, ಮರಳು, ಮರದ ದಿಮ್ಮಿ ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ. ಎಲ್ವಾದ ಕೆಳಭಾಗದಲ್ಲಿ ಜಲ್ಲಿ ಕೊಚ್ಚಿಹೋಗಿ ದೊಡ್ಡ ಗುಂಡುಗಳಷ್ಟೇ ಉಳಿದಿದ್ದವು, ಅಳಿವೆಯ ದಂಡೆ ಸವೆಯುತ್ತಿತ್ತು. ಮೇಲಿನ 110 ಕಿಲೋಮೀಟರ್‌ಗೂ ಹೆಚ್ಚಿನ ಹೊಳೆ, ತೊರೆಗಳು ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ನಿರ್ಮಲವಾಗಿ ಹರಿಯುತ್ತಿದ್ದರೂ ಕೆಳಗಿನ ನದಿ ಬಡವಾಗಿತ್ತು. ಏಣಿಯೊಂದು ಜಲ್ಲಿಕಲ್ಲನ್ನು ಇಳಿಸಲಾರದು.

5. ತಪ್ಪು ಕಲ್ಪನೆ: ಅಣೆಕಟ್ಟು ತೆಗೆದರೆ ಹೂಳು ನುಗ್ಗಿ ನದಿಯೇ ಸಾಯುತ್ತದೆ.

ವಾಸ್ತವ: ಭಯ ಸುಳ್ಳಲ್ಲ, ಆದರೆ ಅದು ಮೊದಲ ಅಧ್ಯಾಯ ಮಾತ್ರ. ಎಲ್ವಾದ ಎರಡು ಅಣೆಕಟ್ಟುಗಳ ಹಿಂದೆ ಸುಮಾರು 2 ಕೋಟಿ ಘನ ಮೀಟರ್ ಹೂಳು ಕೂತಿತ್ತು. ಎಲ್ಲವನ್ನೂ ಒಂದೇ ಏಟಿಗೆ ಬಿಡಲಿಲ್ಲ. ಅಣೆಕಟ್ಟುಗಳನ್ನು ಹಂತಹಂತವಾಗಿ ತಗ್ಗಿಸಿದರು, ಮೀನು ಏರುವ, ಮರಿ ಇಳಿಯುವ ಕಾಲದಲ್ಲಿ ಕೆಲಸ ನಿಲ್ಲಿಸಿದರು. ಪೋರ್ಟ್ ಏಂಜಲಿಸ್ ಪಟ್ಟಣದ ಕುಡಿಯುವ ನೀರಿಗೆ ಮೊದಲೇ ಶುದ್ಧೀಕರಣ ಘಟಕ ಕಟ್ಟಿಕೊಂಡರು. ಬರಿದಾದ ಜಲಾಶಯದ ನೆಲದಲ್ಲಿ ಸ್ಥಳೀಯ ಗಿಡಮರಗಳನ್ನು ನೆಟ್ಟರು.

ಮೊದಲ ವರ್ಷಗಳಲ್ಲಿ ನದಿ ಕಾಫಿ ಬಣ್ಣಕ್ಕೆ ತಿರುಗಿತು, ಹಲವು ಮಡುಗಳು ತುಂಬಿದವು, ಕೆಳಗಿನ ಮೀನು, ಹುಳುಹುಪ್ಪಟೆಗಳಿಗೆ ಪೆಟ್ಟು ಬಿತ್ತು. ಐದು ವರ್ಷಗಳೊಳಗೆ ಹೂಳಿನ ಸುಮಾರು ಮೂರನೇ ಎರಡು ಪಾಲು ಕದಲಿತು. ಅದರಲ್ಲಿ ಬಹುಪಾಲು ಕಡಲ ದಂಡೆ ತಲುಪಿ, ಅಳಿವೆಯಲ್ಲಿ ಸುಮಾರು 60 ಹೆಕ್ಟೇರ್ ಹೊಸ ನೆಲ ಕಟ್ಟಿತು. ಜಲ್ಲಿಯ ಹಾಸುಗಳು ಮತ್ತೆ ಮೂಡಿದವು. ತಾತ್ಕಾಲಿಕ ಕೆಡುಕನ್ನು ಲೆಕ್ಕ ಹಾಕಿ, ಒಪ್ಪಿಕೊಂಡು, ಅದಕ್ಕೆ ಸಿದ್ಧತೆ ಮಾಡಿಕೊಂಡಿದ್ದರಿಂದಲೇ ಇದೆಲ್ಲ ಸಾಧ್ಯವಾಯಿತು. ತಯಾರಿಯಿಲ್ಲದೆ ಕಟ್ಟೆ ಒಡೆದರೆ ಹೀಗೇ ಆಗುತ್ತದೆಂದು ಯಾರೂ ಭರವಸೆ ಕೊಡಲಾರರು.

6. ತಪ್ಪು ಕಲ್ಪನೆ: ನೂರು ವರ್ಷ ಕಳೆದ ಮೇಲೆ ಮೀನಿಗೆ ದಾರಿಯೂ ಮರೆತಿರುತ್ತದೆ, ಗುಣವೂ ಅಳಿದಿರುತ್ತದೆ.

ವಾಸ್ತವ: ಎಲ್ವಾ ಕಲಿಸಿದ ಪಾಠಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವುದು ಇದು. ಸ್ಟೀಲ್‌ಹೆಡ್ ಮತ್ತು ರೇನ್‌ಬೋ ಟ್ರೌಟ್ ಒಂದೇ ಜಾತಿ. ಹೊಳೆಯಲ್ಲೇ ಬಾಳು ಕಳೆದರೆ ರೇನ್‌ಬೋ ಟ್ರೌಟ್, ಕಡಲಿಗೆ ಹೋಗಿ ಬಂದರೆ ಸ್ಟೀಲ್‌ಹೆಡ್. ಅಣೆಕಟ್ಟುಗಳ ಮೇಲೆ ಸಿಕ್ಕಿಬಿದ್ದ ಟ್ರೌಟ್‌ಗಳು ಶತಮಾನ ಕಾಲ ಕಡಲು ಕಾಣಲಿಲ್ಲ. ಆದರೂ ಬೇಸಗೆಯಲ್ಲೇ ನದಿಗೆ ಬಂದು, ತಿಂಗಳುಗಟ್ಟಲೆ ಕಾದು, ಮುಂದಿನ ವಸಂತದಲ್ಲಿ ಮೊಟ್ಟೆಯಿಡುವ ಬೇಸಗೆ ಸ್ಟೀಲ್‌ಹೆಡ್‌ನ ತಳಿಗುಣ ಅವುಗಳ ರಕ್ತದಲ್ಲಿ ಉಳಿದಿತ್ತು. ದಾರಿ ತೆರೆದ ಕೆಲವೇ ವರ್ಷಗಳಲ್ಲಿ, ಒಂದೂ ಮರಿ ಬಿಡದಿದ್ದರೂ, ನದಿಯಿಂದ ಬಹುತೇಕ ಮಾಯವಾಗಿದ್ದ ಬೇಸಗೆ ಸ್ಟೀಲ್‌ಹೆಡ್ ಎದ್ದು ಬಂತು. ಮನುಷ್ಯರು ಮಾಡಿದ್ದು ಅಡ್ಡಿ ತೆಗೆದದ್ದಷ್ಟೆ.

ಕ್ಯಾಲಿಫೋರ್ನಿಯ, ಓರೆಗಾನ್ ಗಡಿಯ ಕ್ಲಾಮತ್ ನದಿಯಲ್ಲೂ ಹೀಗೇ ಆಯಿತು. ನಾಲ್ಕು ಅಣೆಕಟ್ಟುಗಳನ್ನು ತೆಗೆದು ಮುಗಿಸಿದ 2024ರ ಅಕ್ಟೋಬರ್‌ನಲ್ಲೇ ಚಿನೂಕ್‌ಗಳು ಓರೆಗಾನ್ ಭಾಗದ ತೊರೆಯೊಂದನ್ನು ತಲುಪಿದ್ದವು. ಅವು ಅಲ್ಲಿಗೆ ಬಂದದ್ದು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ. ಹುಟ್ಟಿದ ಹೊಳೆಗೆ ಮರಳುವ ಮೀನುಗಳ ನಡುವೆ ಸ್ವಲ್ಪ ಪಾಲು ಸದಾ ಹೊಸ ಹೊಳೆ ಹುಡುಕುತ್ತದೆ. ತೆರೆದ ನದಿಯನ್ನು ಮೊದಲು ಹಿಡಿಯುವುದು ಅವೇ.

ಹೊಸದಾಗಿ ಹೊಂದಿಕೊಳ್ಳುವುದಕ್ಕೂ ಲಕ್ಷ ವರ್ಷ ಬೇಕಿಲ್ಲ. ಕ್ಯಾಲಿಫೋರ್ನಿಯದಿಂದ ತಂದ ಚಿನೂಕ್ ಮೊಟ್ಟೆಗಳನ್ನು 1900ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ವೈಟಾಕಿ ನದಿ ಪ್ರದೇಶದಲ್ಲಿ ಮರಿ ಮಾಡಿ ಬಿಟ್ಟರು. ಅವು ಹರಡಿ, ಸುಮಾರು 30 ಪೀಳಿಗೆಗಳೊಳಗೆ, ನದಿಯಿಂದ ನದಿಗೆ ಬೆಳವಣಿಗೆ ಮತ್ತು ಮೊಟ್ಟೆಯಿಡುವ ಕಾಲದಲ್ಲಿ ಬೇರೆಬೇರೆಯಾದವು. ಬಿಟ್ಟದ್ದು ಮನುಷ್ಯರೇ, ಆದರೆ ಬೇರೆಬೇರೆಯಾಗಿಸಿದ್ದು ನದಿಗಳು. ಬಿಡುವುದನ್ನು ನಿಲ್ಲಿಸಿ ನದಿಗೆ ಅವಕಾಶ ಕೊಟ್ಟಾಗಲೇ ಅದು ನಡೆಯುವುದು. ವರ್ಷವೂ ಹೊಸ ಮರಿ ಸುರಿಯುತ್ತಿದ್ದರೆ ನದಿ ಆಯ್ದದ್ದೆಲ್ಲ ಮತ್ತೆ ಕಲಸಿಹೋಗುತ್ತದೆ.

7. ತಪ್ಪು ಕಲ್ಪನೆ: ಮೀನಿನ ಎಣಿಕೆ ಏರಿದರೆ ಕೆಲಸ ಗೆದ್ದಂತೆ.

ವಾಸ್ತವ: ಯಾವ ಮೀನು ಎಂಬುದನ್ನು ಕೇಳದೆ ಎಷ್ಟು ಮೀನು ಎಂದಷ್ಟೇ ಕೇಳಿದರೆ ಮೋಸ ಹೋಗುತ್ತೇವೆ. ಅಣೆಕಟ್ಟು ಹೋದ ಮೊದಲ ವರ್ಷಗಳಲ್ಲಿ ಎಲ್ವಾಕ್ಕೆ ಮರಳಿದ ಚಿನೂಕ್‌ಗಳಲ್ಲಿ ಬಹುಪಾಲು ಕೇಂದ್ರದಲ್ಲಿ ಹುಟ್ಟಿದವು. ಕೇಂದ್ರದ ಮರಿಗಳನ್ನು ಗುರುತಿಸಲು ಈಜುರೆಕ್ಕೆ ಕತ್ತರಿಸುವುದು, ಮೂಗಿನೊಳಗೆ ಸೂಕ್ಷ್ಮ ತಂತಿ ಇಡುವುದು, ನೀರಿನ ತಾಪ ಬದಲಿಸಿ ಕಿವಿಯೊಳಗಿನ ಪುಟ್ಟ ಕಲ್ಲಿನ ಮೇಲೆ ಗೆರೆ ಮೂಡಿಸುವುದು ಮುಂತಾದ ವಿಧಾನಗಳಿವೆ. ಹೀಗೆ ಬೇರ್ಪಡಿಸಿ ನೋಡಿದಾಗಲೇ ಹೊಳೆಯಲ್ಲೇ ಹುಟ್ಟಿ, ಹೊಳೆಗೇ ಮರಳಿ, ಮುಂದಿನ ಪೀಳಿಗೆಗೆ ಜನ್ಮ ಕೊಟ್ಟ ಮೀನು ಎಷ್ಟೆಂದು ತಿಳಿಯುತ್ತದೆ. ಸುಸ್ಥಿರ ಸಂತತಿ ಎನ್ನುವುದಕ್ಕೆ ಅದೇ ಮೊದಲ ಅಳತೆ.

ಎರಡನೇ ಅಳತೆ ವೈವಿಧ್ಯ. ಅಲಾಸ್ಕದ ಬ್ರಿಸ್ಟಲ್ ಕೊಲ್ಲಿಯಲ್ಲಿ ನೂರಾರು ಹೊಳೆ, ಸರೋವರಗಳ ಸಾಕೈ ಸಂತತಿಗಳು ಬೇರೆಬೇರೆಯಾಗಿ ಉಳಿದಿವೆ. ಒಂದಕ್ಕೆ ಕೆಟ್ಟ ವರ್ಷವಾದರೆ ಇನ್ನೊಂದಕ್ಕೆ ಒಳ್ಳೆಯ ವರ್ಷ. 2010ರ ಅಧ್ಯಯನವೊಂದರ ಪ್ರಕಾರ, ಅವೆಲ್ಲ ಒಂದೇ ಬಗೆಯವಾಗಿದ್ದಿದ್ದರೆ ಬರುವ ಮೀನಿನ ಏರಿಳಿತ ಎರಡು ಪಟ್ಟಿಗೂ ಹೆಚ್ಚಾಗುತ್ತಿತ್ತು, ಮೀನುಗಾರಿಕೆಗೆ ಬೀಗ ಹಾಕುವ ವರ್ಷಗಳು ಹತ್ತು ಪಟ್ಟಾಗುತ್ತಿದ್ದವು. ಹವಾಮಾನ ಹದಗೆಡುತ್ತಿರುವ ಈ ಕಾಲದಲ್ಲಿ ವೈವಿಧ್ಯವೇ ಮೀನಿನ ಉಳಿತಾಯ, ಮೀನುಗಾರನ ಅನ್ನ.

8. ತಪ್ಪು ಕಲ್ಪನೆ: ನದಿ ಉಳಿಯಬೇಕಾದರೆ ಅದರ ದಡದ ಜನರನ್ನು ದೂರವಿಡಬೇಕು.

ವಾಸ್ತವ: ಎಲ್ವಾ ಮರಳಿ ಬಂದದ್ದರ ಹಿಂದೆ ಅಳಿವೆಯ ಬಳಿ ಬಾಳುವ ಲೋವರ್ ಎಲ್ವಾ ಕ್ಲಾಲಮ್ ಮೂಲನಿವಾಸಿಗಳ ದಶಕಗಳ ಹೋರಾಟವಿದೆ. 1855ರ ಒಪ್ಪಂದದಲ್ಲಿ ಮೀನು ಹಿಡಿಯುವ ಹಕ್ಕು ಅವರಿಗೆ ಉಳಿದಿತ್ತು. ಅಣೆಕಟ್ಟು ಆ ಹಕ್ಕನ್ನು ಬರಿದು ಮಾಡಿತು. 1992ರಲ್ಲಿ ಅಮೆರಿಕದ ಸಂಸತ್ತು ಎಲ್ವಾ ಪುನರುಜ್ಜೀವನದ ಕಾನೂನು ಮಾಡಿದಾಗ ಆ ಜನರ ದನಿ ಅದರ ಬೆನ್ನಿಗಿತ್ತು. ಅಣೆಕಟ್ಟು ಕಳಚುವುದಕ್ಕೆ ಮೊದಲಾದಾಗ ನದಿಯಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಲಾಯಿತು, ಆ ತ್ಯಾಗದಲ್ಲಿ ಅವರೂ ಸೇರಿದರು. ಜಲಾಶಯ ಬರಿದಾದಾಗ, ತಮ್ಮ ಜನ ಸೃಷ್ಟಿಯಾದ ಜಾಗವೆಂದು ಹಿರಿಯರು ಹೇಳುತ್ತಿದ್ದ ಬಂಡೆ ಮತ್ತೆ ಬೆಳಕು ಕಂಡಿತು. ಹನ್ನೆರಡು ವರ್ಷ ಕಾದ ಮೇಲೆ, 2023ರ ಅಕ್ಟೋಬರ್‌ನಲ್ಲಿ, ಅವರು ಆಚರಣೆಗೂ ಮನೆಯ ಊಟಕ್ಕೂ ಬೇಕಾದಷ್ಟು ಕೋಹೊ ಹಿಡಿದರು. ಕಾಯಲು ಒಪ್ಪಿದ ಜನರನ್ನು ಬಿಟ್ಟು ನದಿಗೆ ಬೇರೆ ಕಾವಲುಗಾರರು ಸಿಗುವುದಿಲ್ಲ.

9. ತಪ್ಪು ಕಲ್ಪನೆ: ಇದೆಲ್ಲ ತಣ್ಣನೆಯ ದೇಶಗಳ ಮಾತು, ನಮಗೇಕೆ?

ವಾಸ್ತವ: ಕಾವೇರಿಯಲ್ಲಿ ಸಾಲ್ಮನ್ ಇಲ್ಲ, ಆದರೆ ಇದೇ ತಪ್ಪು ಇಲ್ಲಿ ನಡೆದುಹೋಗಿದೆ. ಕಿತ್ತಳೆ ಬಣ್ಣದ ಈಜುರೆಕ್ಕೆಯ, ಗೂನುಬೆನ್ನಿನ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಸಿಗುವ ಮೀನು. ಮಹಶೀರ್ ಸಂತತಿ ಹೆಚ್ಚಿಸಬೇಕೆಂಬ ಒಳ್ಳೆಯ ಉದ್ದೇಶದಿಂದಲೇ, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ, ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ನೀಲಿ ಈಜುರೆಕ್ಕೆಯ ಮಹಶೀರ್ ಮರಿಗಳು ಕಾವೇರಿಗೆ ಬಂದವು. ಅದು ಬೇರೆಯೇ ಜಾತಿ. ಗಾಳಿಬೋರೆ ಶಿಬಿರದಲ್ಲಿ ಗಾಳ ಹಾಕುತ್ತಿದ್ದವರು ಹಿಡಿದು ಮತ್ತೆ ನೀರಿಗೆ ಬಿಟ್ಟ ಮೀನುಗಳ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ವರ್ಷ ಕಳೆದಂತೆ ನೀಲಿ ಮೀನು ಹೆಚ್ಚುತ್ತಾ ಗೂನುಬೆನ್ನಿನದು ಕುಸಿಯುತ್ತಾ ಹೋದದ್ದು ಕಂಡಿತು. ಒಟ್ಟು ಎಣಿಕೆ ನೋಡಿದ್ದರೆ ಎಲ್ಲವೂ ಚೆನ್ನಾಗಿದೆ ಎನಿಸುತ್ತಿತ್ತು. 2018ರಲ್ಲಷ್ಟೇ ಗೂನುಬೆನ್ನಿನ ಮೀನಿನ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅತಿ ಗಂಭೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಮರಳು ಗಣಿಗಾರಿಕೆ, ಸಿಡಿಮದ್ದು, ಅಣೆಕಟ್ಟುಗಳು ಒಂದೆಡೆಯಾದರೆ, ಪರನದಿಯ ಮರಿ ಬಿಟ್ಟದ್ದನ್ನೂ ಸಂಶೋಧಕರು ಮುಖ್ಯ ಕಾರಣಗಳಲ್ಲಿ ಎಣಿಸುತ್ತಾರೆ. ಮೋಯಾರ್ ಕಣಿವೆಯಲ್ಲಿ ಉಳಿದಿರುವ ಸಂತತಿ ಆ ಮೀನಿನ ಮುಂದಿನ ಭರವಸೆ.

ನಮ್ಮ ಕೆರೆ, ಹೊಳೆಗಳಿಗೆ ಲಕ್ಷಗಟ್ಟಲೆ ಮೀನುಮರಿ ಬಿತ್ತನೆಯಾಯಿತೆಂಬ ಸುದ್ದಿ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಊಟದ ಮೀನಿಗಾಗಿ ಕೆರೆಗೆ ಬಿಡುವುದು ಬೇರೆ ಲೆಕ್ಕ. ಹರಿಯುವ ನದಿಗೆ ಬಿಡುವಾಗ ಮಾತ್ರ ನಾಲ್ಕು ಪ್ರಶ್ನೆಗಳನ್ನು ಕೇಳಲೇಬೇಕು: ಈ ಮರಿಯ ತಾಯಿ ಯಾವ ನದಿಯದು? ಇಲ್ಲಿಯ ಮೀನು ಕಡಿಮೆಯಾಗಲು ಕಾರಣವಾದದ್ದನ್ನು ಸರಿಪಡಿಸಿದ್ದೇವೆಯೇ? ಬಿಡುವುದನ್ನು ಯಾವಾಗ ನಿಲ್ಲಿಸುತ್ತೇವೆ? ಹೊಳೆಯಲ್ಲೇ ಹುಟ್ಟಿದ ಮೀನನ್ನು ಯಾರು ಎಣಿಸುತ್ತಾರೆ? ಇವಕ್ಕೆ ಉತ್ತರವಿಲ್ಲದಿದ್ದರೆ ಮರಿ ಬಿಡುವುದಕ್ಕಿಂತ ಬಿಡದಿರುವುದೇ ನದಿಗೆ ಉಪಕಾರ. ಉತ್ತರವಿದ್ದಲ್ಲಿ, ತಾಳ್ಮೆಯೂ ಜೊತೆಗಿದ್ದರೆ, ನೂರು ವರ್ಷ ಕಟ್ಟಿಹಾಕಿದ ನದಿಯಲ್ಲೂ ಕಾಡುಮೀನು ಮತ್ತೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ ಎಂಬುದಕ್ಕೆ ಎಲ್ವಾ ಸಾಕ್ಷಿ ಕೊಟ್ಟಿದೆ.